ಸಿದರಾಯನ ಸೋಮವಾರ

ಬೆಳಗಾವಿಯ ಆ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ ನರ್ಸ್ ದಾನೇಶ್ವರಿಯ ದನಿ ಕೇಳಿಸದ ಮೂಲೆಯೇ ಇರಲಿಲ್ಲ. ಶಹಾಪುರದ ಮಗ್ಗಗಳ ಸದ್ದಿನಲ್ಲಿ ಬೆಳೆದವಳು. ಮೆಲ್ಲಗೆ ಮಾತಾಡಿದರೆ ಅವರ ಮನೆಯಲ್ಲಿ ಕೇಳಿದ್ದು ಸಿಗುತ್ತಿರಲಿಲ್ಲ. ಆಂಬುಲೆನ್ಸಿನ ಸದ್ದಿಗೆ ಬೇರೆಯವರ ಎದೆ ಧಸಕ್ಕೆಂದರೆ ಅವಳ ಕಾಲಿಗೆ ಚಕ್ರ ಬರುತ್ತಿದ್ದವು. ಬೇರೆ ವಾರ್ಡು ಕೊಡಿ ಎಂದು ಎಂದೂ ಕೇಳಿದವಳಲ್ಲ.

ಅಂಥವಳ ಮೊಣಕಾಲು ಕೈಕೊಟ್ಟಿತು. ಇನ್ನು ಓಡಾಟ ಸಾಕು ಎಂದರು ಡಾಕ್ಟರು. ಅದೇ ಹೊತ್ತಿಗೆ ವಿಭಾಗದ ಡಾಕ್ಟರ್ ಪದ್ಮಶ್ರೀ ಹೊಸದೊಂದು ಕೆಲಸ ಹಚ್ಚಿಕೊಂಡಿದ್ದಳು. ಯಾರು ಮತ್ತೆ ಕ್ಯಾಜುವಲ್ಟಿಗೆ ಬರುವ ಸಂಭವವಿದೆ, ಅದರಲ್ಲೂ ಮೊದಲೇ ಎಚ್ಚರ ವಹಿಸಿದರೆ ಯಾರ ಬರುವಿಕೆ ತಪ್ಪುತ್ತದೆ ಎಂಬುದನ್ನು ಹಳೆಯ ದಾಖಲೆ ನೋಡಿ ಕಂಪ್ಯೂಟರ್ ಮುಂಚಿತವಾಗಿ ಹೇಳುತ್ತಿತ್ತು. ಅವರಿಗೆಲ್ಲ ಫೋನ್ ಮಾಡಿ ವಿಚಾರಿಸುವ ಕೆಲಸ ದಾನೇಶ್ವರಿಯ ಪಾಲಿಗೆ ಬಂತು.

"ಮೇಡಮ್ಮಾರ, ಬಂದವ್ರನ್ನ ನೋಡ್ಕೊಂಡಾಕಿ ನಾನು. ಬರಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿರಿ?" ಎಂದಳು ಮುಖ ಸಣ್ಣದು ಮಾಡಿಕೊಂಡು.

"ಬರಬ್ಯಾಡ್ರಿ ಅಂತಲ್ಲಕ್ಕಾ. ಬರೂ ಪಾಳಿ ಬರಬಾರದಂತ," ಎಂದಳು ಪದ್ಮಶ್ರೀ.

ಕಂಪ್ಯೂಟರ್ ತೋರಿಸಿದ ಮೊದಲ ಹೆಸರೇ ಖಾನಾಪುರದ ಸಿದರಾಯನದು. ಮೊದಲು ಕುರಿ ಕಾಯುತ್ತಿದ್ದು, ಈಗ ಹಂಚಿನ ಕಾರ್ಖಾನೆಯೊಂದರಲ್ಲಿ ಕಾವಲು ಕಾಯುವವನು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ. ರಕ್ತದ ಸಕ್ಕರೆ ತಳ ಮುಟ್ಟಿ, ಎಚ್ಚರ ತಪ್ಪಿ ಆಂಬುಲೆನ್ಸಿನಲ್ಲಿ ಬರುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಗ್ಲೂಕೋಸ್ ಏರಿ ಕಣ್ಣು ಬಿಟ್ಟೊಡನೆ, "ಅಕ್ಕಾರ, ನಿಮ್ಮ ಚಾ ಆತೇನ್ರಿ?" ಎಂದು ಕೇಳುತ್ತಿದ್ದುದರಿಂದ ದಾನೇಶ್ವರಿಗೆ ಅವನು ಚೆನ್ನಾಗಿ ನೆನಪಿದ್ದ.

"ಕಾಕಾ, ನೀವು ಮತ್ತ ಇಲ್ಲಿಗೆ ಬರ್ತೀರಂತ ಕಂಪ್ಯೂಟರ್ ಹೇಳಾಕತ್ತೈತಿ," ಎಂದಳು ಫೋನಿನಲ್ಲಿ.

"ಹೌದ್ರಿ? ಯಾವಾಗ ಬರ್ಲಿ?"

"ಬರಬಾರದ್ರಿ ಕಾಕಾ!"

"ಮತ್ತ ಫೋನ್ ಯಾಕ ಮಾಡಿದ್ರಿ?"

ಇನ್ಸುಲಿನ್ ಬಿಟ್ಟಿಲ್ಲ, ಊಟ ತಪ್ಪಿಸಿಲ್ಲ ಎಂದು ಎಲ್ಲಕ್ಕೂ ಒಪ್ಪವಾದ ಉತ್ತರ ಕೊಟ್ಟ. ಪದ್ಮಶ್ರೀ ಅವನು ಬಂದ ತಾರೀಖುಗಳ ಮೇಲೆ ಕಣ್ಣಾಡಿಸಿದಳು. ಎಲ್ಲವೂ ಸೋಮವಾರ. ದಾನೇಶ್ವರಿ ಮತ್ತೆ ಫೋನ್ ಹಚ್ಚಿದಳು.

"ಸೋಮವಾರ ಉಪವಾಸೇನ್ರಿ ಕಾಕಾ?"

"ಛೇ ಛೇ, ಹೊಟ್ಟಿ ಬಿರಿಯೂ ಹಂಗ ತಿಂತೀನ್ರಿ," ಎಂದ. ದನಿ ಮಾತ್ರ ಹೊಟ್ಟೆ ತುಂಬಿದವನದಾಗಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆಯೇ ಅವಳು ಖಾನಾಪುರದ ಬಸ್ಸು ಹಿಡಿದಳು. ಪೀರನವಾಡಿ ದಾಟುವವರೆಗೂ ಮೊಣಕಾಲನ್ನು, ಪದ್ಮಶ್ರೀಯನ್ನು, ಕಂಪ್ಯೂಟರನ್ನು ಒಂದೊಂದಾಗಿ ಬೈದುಕೊಂಡಳು. ಆಮೇಲೆ ಕಿಟಕಿಯ ತಂಗಾಳಿಗೆ ಬೈಗುಳ ಮರೆತುಹೋಯಿತು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಸಿದರಾಯನ ಹೆಂಡತಿ ಕಾಡವ್ವ ಚಾಪೆ ಹಾಸಿ, ಅವಳಿಗೂ ಗಂಡನಿಗೂ ಒಗ್ಗರಣೆ ಅವಲಕ್ಕಿ ತಂದುಕೊಟ್ಟಳು. ಸಿದರಾಯ ತನ್ನ ತಾಟು ಹಿಡಿದುಕೊಂಡು, "ಹಿತ್ತಲದಾಗ ಗಾಳಿ ಛಲೋ ಬರ್ತೈತಿ," ಎಂದು ಎದ್ದುಹೋದ. ದಾನೇಶ್ವರಿ ಕುಂಟುತ್ತ ಹಿಂದೆಯೇ ಹೋದಳು. ನೋಡಿದರೆ ಅವಲಕ್ಕಿಯನ್ನು ಆಡು ತಿನ್ನುತ್ತಿದೆ. ಆಡೂ ಚೆಂಡಿನಂತೆ ದುಂಡಗಾಗಿತ್ತು.

"ಕಾಕಾ!"

ಸಿದರಾಯ ತಿರುಗಿದ. ನಗಲು ನೋಡಿದನಾದರೂ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈ ನಡುಗುತ್ತಿತ್ತು. ದಾನೇಶ್ವರಿಗೆ ಆ ಲಕ್ಷಣ ಹೊಸದಲ್ಲ. ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಬೆಲ್ಲ ತರಲು ಕಾಡವ್ವನನ್ನು ಕೂಗಿದಳು. ಬೆಲ್ಲ ಬಂತು. ಸಿದರಾಯ ಬಾಯಿ ಬಿಗಿದ.

"ಹರಕಿ ಐತ್ರಿ. ಹೊತ್ತು ಮುಳುಗೂ ಮಟ ಏನೂ ತಿನ್ನಂಗಿಲ್ಲ."

"ಇಂಜೆಕ್ಷನ್ ಮಾತ್ರ ತಗೊಂಡೀರಿ?"

"ಅದನ್ನ ಬಿಡಬ್ಯಾಡಂತ ನೀವ ಹೇಳೀರಲ್ರಿ."

"ಯಾರ ಸಲುವಾಗಿ ಹರಕಿ?" ಕಾಡವ್ವ ಕೇಳಿದಳು.

ಸಿದರಾಯ ಆಡಿನ ಕಡೆ ನೋಡುತ್ತ ಹೇಳಿದ: "ನಿನ್ನ ಸಲುವಾಗಿ."

ಕೆಲವು ವರ್ಷಗಳ ಹಿಂದೆ ಕಾಡವ್ವನಿಗೆ ಹಾವು ಕಚ್ಚಿತ್ತು. ಅವಳು ಒಳಗೆ ಎಚ್ಚರವಿಲ್ಲದೆ ಮಲಗಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಇವಳು ಉಳಿದರೆ ಜೀವ ಇರುವ ತನಕ ಸೋಮವಾರ ಹಿಡಿಯುತ್ತೇನೆ ಎಂದು ಶಿವನಿಗೆ ಹೇಳಿಕೊಂಡಿದ್ದ. ಸಕ್ಕರೆ ಕಾಯಿಲೆ ಬಂದಿದ್ದು ಆಮೇಲೆ. ಗೊತ್ತಾದರೆ ಬಿಡಿಸುತ್ತಾಳೆಂದು ಹೆಂಡತಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ.

ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಗದ್ದ ಹಿಡಿದೆತ್ತಿದಳು.

"ನನ್ನ ಜೀವಕ್ಕ ಹೊತ್ತ ಹರಕಿ, ಬಿಡಸೂ ಹಕ್ಕೂ ನಂದ. ನಾ ಉಳದೇನಿ, ಈಗ ನೀವು ಮ್ಯಾಲ ಹೋಗಿ ಕುಂತ್ರ ಆ ಶಿವಗಾದ್ರೂ ಚೆಂದ ಕಾಣತೈತೇನು? ಬಾಯಿ ತಗೀರಿ!"

ಸಿದರಾಯ ಬಾಯಿ ತೆರೆದ. ಬೆಲ್ಲ ಕರಗಿದಂತೆ ಮುಖಕ್ಕೆ ಕಳೆ ಬಂತು. ಅವನ ನಾಡಿ ಹಿಡಿದು ಕುಳಿತಿದ್ದ ದಾನೇಶ್ವರಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಹಿತ್ತಲಲ್ಲಿ ಸೈರನ್ ಇರಲಿಲ್ಲ, ಸ್ಟ್ರೆಚರ್ ಇರಲಿಲ್ಲ; ಆದರೂ ಕ್ಯಾಜುವಲ್ಟಿಯಲ್ಲಿ ಒಬ್ಬರು ಕಣ್ಣು ಬಿಟ್ಟಾಗ ಆಗುತ್ತಿದ್ದ ಹಿಗ್ಗೇ ಅವಳಿಗೆ ಆಗಿತ್ತು. ಅಡುಗೆಮನೆಯಲ್ಲಿ ಮತ್ತೆ ಒಗ್ಗರಣೆ ಚಟಗುಟ್ಟಿತು. ಈ ಸಲದ ಅವಲಕ್ಕಿ ಆಡಿಗೆ ಸಿಗಲಿಲ್ಲ.

"ಇನ್ನ ಮ್ಯಾಗ ಸೋಮವಾರ ನಾ ಹಿಡೀತೀನಿ," ಎಂದಳು ಕಾಡವ್ವ. "ನನಗ ಯಾವ ಇಂಜೆಕ್ಷನ್ನೂ ಇಲ್ಲ."

ಇದನ್ನೆಲ್ಲ ಕೇಳಿ ಪದ್ಮಶ್ರೀ ಬಿದ್ದು ಬಿದ್ದು ನಕ್ಕಳು. ಆದರೆ ಅಂದಿನಿಂದ ಸಕ್ಕರೆ ಕಾಯಿಲೆಯವರನ್ನು ಮನೆಗೆ ಕಳಿಸುವಾಗ ಉಪವಾಸದ ಮಾತು ಕೇಳದೆ ಬಿಡಲಿಲ್ಲ. ಹಿಡಿಯುವವರಿದ್ದರೆ ಬೈಯದೆ, ಮೊದಲೇ ಬಂದು ಔಷಧದ ಪ್ರಮಾಣ ಕೇಳಿಕೊಂಡು ಹೋಗಿ ಎನ್ನುತ್ತಿದ್ದಳು. ಬೈಯದಿದ್ದುದಕ್ಕೇ ಜನ ಖರೇ ಹೇಳತೊಡಗಿದರು. ದಾನೇಶ್ವರಿಯೂ ಫೋನಿನ ಕುರ್ಚಿಗೆ ಒಗ್ಗಿಹೋದಳು. ಅವಳ ದನಿಗೆ ಫೋನು ಬೇಕೇ ಇಲ್ಲ, ಖಾನಾಪುರಕ್ಕೆ ಹಾಗೆಯೇ ಕೇಳಿಸುತ್ತದೆ ಎಂದು ವಾರ್ಡಿನವರು ಚಾಷ್ಟಿ ಮಾಡುತ್ತಿದ್ದರು.

ಚಳಿಗಾಲದ ಒಂದು ಮಧ್ಯಾಹ್ನ ಸಿದರಾಯ ಕ್ಯಾಜುವಲ್ಟಿಯ ಬಾಗಿಲಲ್ಲಿ ಕಾಣಿಸಿಕೊಂಡ. ಗುರುತಿನ ವಾರ್ಡುಬಾಯ್ ಏನಾಯಿತೆಂದೂ ಕೇಳದೆ ಸ್ಟ್ರೆಚರ್ ದೂಡಿಕೊಂಡು ಓಡಿಬಂದ.

"ಏ, ಮಲಗಾಕ ಬಂದಿಲ್ಲೋ ಮಾರಾಯಾ! ಇಲ್ಲೇ ರವಿವಾರ ಪೇಟ್ಯಾಗ ಸಂತಿ ಮಾಡಾಕ ಬಂದಿದ್ವಿ, ಅಕ್ಕಾರನ್ನ ಮಾತಾಡ್ಸಿ ಹೋಗೂಣು ಅಂತ ಬಂದೇವಿ."

ಹಿಂದೆ ಎರಡು ಚೀಲ ಹೊತ್ತು ದಣಿದು ಬಂದ ಕಾಡವ್ವ, ತಂದ ಸ್ಟ್ರೆಚರ್ ಯಾಕೆ ಸುಮ್ಮನೆ ಹೋಗಬೇಕೆಂದು ಅದರ ಮೇಲೆ ಆರಾಮಾಗಿ ಕುಳಿತು, ದಾನೇಶ್ವರಿಗೆಂದು ಕಟ್ಟಿ ತಂದ ಹೋಳಿಗೆಯ ಗಂಟು ಬಿಚ್ಚಿದಳು.