ಬಾವಿ ನೀರಲ್ಲಿ ತೊಳೆದ ಚಾವಣಿ

ಟಣ್, ಟಣ್, ಠಪ್. ಚಾವಣಿ ರಿಪೇರಿಯ ಮಾವ ಮೇಲೆ ಕೂತು ಸಣ್ಣ ಸುತ್ತಿಗೆಯಿಂದ ತಗಡುಗಳನ್ನು ತಟ್ಟಿ ನೋಡುತ್ತಿದ್ದರು. ಕೆಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನಮ್ಮ ಬೀದಿಯ ದರ್ಜಿ ಅಕ್ಕ ಠಪ್ಪೆಂಬ ಪ್ರತಿ ಮಂಕು ಸದ್ದಿಗೂ ಹೊಲಿಗೆ ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ತಗಡೇ ಹಾಳಾಗಿದ್ದರೆ ಮಳೆಗೆ ಮುಂಚೆ ಎಲ್ಲವನ್ನೂ ಬಿಚ್ಚಬೇಕು. ಅವಳ ಮನೆಯೂ ಅಂಗಡಿಯೂ ಆ ಒಂದೇ ಕೋಣೆ.

ಸಮುದ್ರ ಅಲ್ಲಿಂದ ನೂರು ಹೆಜ್ಜೆ. ಉಪ್ಪುಗಾಳಿ ತಗಡನ್ನು ತಿನ್ನುತ್ತದೆ, ಆಗಾಗ ತೊಳೆಯಬೇಕು ಎಂದು ಕೇಳಿದಂದಿನಿಂದ ಅವಳು ಪ್ರತಿ ಭಾನುವಾರ ಕೊಡ ಹಿಡಿದು ಏಣಿ ಹತ್ತುತ್ತಿದ್ದಳು. ಏಳು ವರ್ಷದಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಆದರೂ ತುಕ್ಕು ಹಿಡಿದಿತ್ತು.

ಮಾವ ಇಳಿದು ಬಂದರು. "ಯಾವ ನೀರಮ್ಮ ಹಾಕ್ತಿದ್ದೆ?"

"ಹಿತ್ತಲ ಬಾವೀದು. ಕುಡಿಯೋ ನಲ್ಲಿ ನೀರನ್ನ ತಗಡಿಗೆ ಸುರಿಯೋಕೆ ಮನಸ್ಸು ಬರಲಿಲ್ಲ ಮಾವ."

ಅವರು ಬಾಗಿಲ ಬಳಿಯಿದ್ದ ಬಾವಿ ನೀರಿನ ಕೊಡದಲ್ಲಿ ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವಿಚಿದರು. "ಭೇಷ್! ಸಮುದ್ರ ಕಳಿಸಿದ್ದು ಸಾಲದು ಅಂತ ನೀನೂ ಏಣಿ ಹತ್ತಿ ಉಪ್ಪು ಹಾಕಿದ್ದೀಯ."

"ಹಾಗಾದ್ರೆ ಎಲ್ಲಾ ಹೋಯ್ತಾ?"

"ತಗಡು ಗಟ್ಟಿ ಇದೆ. ಹೋಗಿರೋದು ಸ್ಕ್ರೂಗಳು ಮಾತ್ರ, ಅವು ಸಡಿಲಾದ ಕಡೆಯೇ ಠಪ್ ಅಂದಿದ್ದು. ನಾಳೆ ತುಕ್ಕು ಹಿಡಿಯದ ಸ್ಕ್ರೂ ಹಾಕಿ, ಮೇಲೆಲ್ಲ ಕೆರೆದು ಬಣ್ಣ ಬಳೀತೀನಿ. ನೀನು ಕೆಳಗೆ ಹೊಲೀತಾ ಇರು."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಥಟ್ಟನೆ ಎದ್ದಳು.

"ಅಯ್ಯೋ, ಪಕ್ಕದ ಮನೆ ಚಿಕ್ಕಮ್ಮಂಗೂ ನಾನೇ ಹೇಳ್ಕೊಟ್ಟಿದ್ದು ಮಾವ, ಅವರೂ ಇದೇ ಬಾವಿಯಿಂದ..." ಎನ್ನುತ್ತಾ ಬೇಲಿಯ ಕಡೆ ನಡೆದೇಬಿಟ್ಟಳು.