ಸೈಜ್ ಕಡಿಮೆಯಾದ ಮಾತ್ರಕ್ಕೆ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ವಾಡಿಯಿಂದ ದಿನಾ ರೈಲು ಹತ್ತಿ, ನಿಂತುಕೊಂಡೇ ಹೋಗಿ ಓದಿದ ಡಿಗ್ರಿ. ಆಮೇಲೆ ಶಹಾಬಾದಿನ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸ. ಮಾಲೀಕರು ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರದಿಂದ ಬಂದವರು. ಕಂಪ್ಯೂಟರ್ ಕೊಂಡಿದ್ದರು, ಕಲಿತಿರಲಿಲ್ಲ.

ತೆಂಗಳಿಯ ನಿವೃತ್ತ ಮಾಸ್ತರರೊಬ್ಬರು ತೀರಿಹೋದ ತಾಯಿಯ ದೇವರ ಹಾಡುಗಳ ನೋಟ್‌ಬುಕ್ ತಂದರು. ಮಾಸಿದ ಪೆನ್ಸಿಲ್ ಬರಹ, ಮುಟ್ಟಿದರೆ ಉದುರುವ ಹಾಳೆ. ಸ್ಕ್ಯಾನ್ ಮಾಡಿ ಫ್ಲಾಪಿಗೆ ಹಾಕಿಕೊಟ್ಟರೆ ಗುಲ್ಬರ್ಗದ ಪ್ರೆಸ್ಸಿನವರು ಪುಸ್ತಕ ಮಾಡುವವರಿದ್ದರು. ಪ್ರತಿ ಹಾಳೆಯನ್ನೂ ಚಿತ್ರದ ಫೈಲಾಗಿ, ಪಿಎನ್‌ಜಿ ಮಾಡಿ, ಕಂಪ್ರೆಷನ್, ಅಂದರೆ ಒತ್ತುವ ಬಿಗಿ, ಎಲ್ಲಕ್ಕೂ ಹೆಚ್ಚಿನ ಒಂಬತ್ತಕ್ಕೆ ಇಟ್ಟು ಸೇವ್ ಮಾಡಿದೆ. ಹೊತ್ತು ಹಿಡಿಯಿತು, ಆದರೆ ಫ್ಲಾಪಿಗೊಂದು ಹಾಳೆ ಕೂತಿತು. ಏನೂ ಒತ್ತದೆ ಸೊನ್ನೆಗಿಟ್ಟರೆ ಹಿಡಿಯುತ್ತಿರಲಿಲ್ಲ.

ಮಾಲೀಕರು ಸೈಜ್ ನೋಡಿದರು. "ಏನ್ ತಂಗಿ, ಇಷ್ಟ್ ಸಣ್ಣದ್ ಮಾಡೀದಿ? ಅಕ್ಷರ ಹೋಗಿರ್ತಾವ."

"ಒಂದ್ ಚುಕ್ಕಿನೂ ಹೋಗಂಗಿಲ್ರಿ ಸಾವ್ಕಾರ್ರ."

"ಪರಸಿ ತಿಕ್ಕಿದ್ರ ಸವೀತದೋ ಇಲ್ಲೋ?"

"ಇದು ತಿಕ್ಕೂದಲ್ರಿ, ಮಡಚೂದು. ಧೋತ್ರ ಬಿಗಿ ಮಡಚಿಟ್ರ ಮೊಳ ಕಡಿಮಿ ಆಗ್ತದೇನ್ರಿ?"

ಅಲ್ಲೇ ಕೂತಿದ್ದ ಮಾಸ್ತರರು ನಕ್ಕುಬಿಟ್ಟರು. ಮಾಲೀಕರಿಗೆ ಆ ನಗು ನಾಟಿತು. "ಡಿಗ್ರಿ ಮಾಡಿದವ್ರ ಮಾತು ಭಾಳ ಇರ್ತಾವ್ರಿ, ಮಾಸ್ತರ್ರ" ಅಂದರು.

ಮರುದಿನ ನನಗೆ ರಜೆ. ಮಾಲೀಕರು, ನನ್ನನ್ನು ನೋಡಿ ಕಲಿತಷ್ಟರಲ್ಲೇ, ನನ್ನ ಫೈಲುಗಳನ್ನೆಲ್ಲ ತೆರೆದು ಸೊನ್ನೆಗೆ ಸೇವ್ ಮಾಡಲು ಹೋಗಿದ್ದಾರೆ, ಫ್ಲಾಪಿಯಲ್ಲಿ ಹಿಡಿದಿಲ್ಲ. ಸೇಡಂನ ಫೋಟೋ ಸ್ಟುಡಿಯೋದವರೊಬ್ಬರನ್ನು ಫೋನಿನಲ್ಲಿ ಕೇಳಿ ಎಲ್ಲವನ್ನೂ ವಿವರ ಸವೆಸಿ ಸಣ್ಣ ಮಾಡುವ ಜೆಪೆಗ್ ಮಾಡಿ, ಕ್ವಾಲಿಟಿ ಇಳಿಸಿ ತುಂಬಿದ್ದಾರೆ. ನನ್ನವನ್ನು ಅಳಿಸಿದ್ದಾರೆ. ನನಗೆ ಗೊತ್ತಾಗುವಷ್ಟರಲ್ಲಿ ಮಾಸ್ತರರು ಬಂದು ಫ್ಲಾಪಿ, ನೋಟ್‌ಬುಕ್ ಎರಡನ್ನೂ ಒಯ್ದಿದ್ದರು. ಮಡಚಿದ್ದನ್ನು ನಂಬದವರು ತಾವೇ ತಿಕ್ಕಿಬಿಟ್ಟಿದ್ದರು!

ವಾರದ ಮೇಲೆ ಮಾಸ್ತರರು ಬಂದರು. ಅಕ್ಷರ ಕಲೆಸಿಹೋಗಿವೆ, ಓದಲಾಗದು ಎಂದು ಪ್ರೆಸ್ಸಿನವರು ಫ್ಲಾಪಿ ವಾಪಸು ಕೊಟ್ಟಿದ್ದರು.

"ನೋಟ್‌ಬುಕ್ ಕೊಡ್ರಿ, ಈಗಿಂದೀಗ ಮತ್ತ ಸ್ಕ್ಯಾನ್ ಮಾಡ್ತೀನಿ" ಅಂದೆ.

"ಕಾಗಿಣಾ ಹೊಳಿಗೆ ಬಿಟ್ಟು ಬಂದೆನಲ್ಲ ಯವ್ವಾ. ದೇವರ ಹಾಡಿನ ಹರಿದ ಹಾಳಿ, ಮನ್ಯಾಗ ಕಾಲಿಗೆ ಬೀಳಬಾರ್ದು ಅಂತ ಹೊಳಿಗೆ ಬಿಡ್ತೀವಿ. ಫ್ಲಾಪ್ಯಾಗ ಅದಾವಲ್ಲ ಅಂದ್ಕೊಂಡೆ." ಆಮೇಲೆ ಮೆಲ್ಲಗೆ ಕೇಳಿದರು: "ನೀ ಒತ್ತಿ ಸಣ್ಣ ಮಾಡಿದ್ದಕ್ಕ ಹಿಂಗಾತಂತ?"

ಹಾಗಂತ ಹೇಳಿದ್ದರು ಮಾಲೀಕರು! ಮೈ ಉರಿಯಿತು. ಅಲ್ಲೇ ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಸ್ಕ್ಯಾನ್ ಮಾಡಿ ಸೊನ್ನೆಗೊಂದು, ಒಂಬತ್ತಕ್ಕೊಂದು ಸೇವ್ ಮಾಡಿದೆ. ಎರಡನ್ನೂ ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ. ಮೂರನೆಯದು ಜೆಪೆಗ್, ಅದರಲ್ಲಿ ಮಾತ್ರ ಅಕ್ಷರ ಕಲೆಸಿತ್ತು. ಮಾಸ್ತರರು ಕನ್ನಡಕ ಸರಿಸಿ ಬಹಳ ಹೊತ್ತು ನೋಡಿದರು. ಮಾಲೀಕರು ಸ್ಕ್ಯಾನರಿನ ಗಾಜು ಒರೆಸುತ್ತಿದ್ದರು.

"ಈ ತಂಗಿ ಖರೇನ ಹೇಳಿದ್ಲಲ್ರಿ" ಎಂದರು ಮಾಸ್ತರರು, ಅವರತ್ತ ತಿರುಗಿ. "ಹಂಗಾದ್ರ ಹೋದ ನಮ್ಮವ್ವನ ಹಾಡು ಇನ್ನ ಯಾರ ಹತ್ರ ಕೇಳ್ಲಿ?"