ಹೋರಿ ಓಡುವ ಹೊಲದಲ್ಲಿ ವಿಮಾನಕ್ಕೆ ಜಾಗ

‘ಬ್ಯಾಡ’ ಎಂದವರು ಯಾರು ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಮಾವ ಅಂದರೆಂದು ನನ್ನ ನೆನಪು; ನಾನೇ ಅಂದೆನೆಂದು ಮಾವನ ನೆನಪು. ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ, ಒಂದೇ ಕಟ್ಟೆಯ ಮೇಲೆ ಕೂತು ಬಂದವರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಸಾಕ್ಷಿಯನ್ನು ಅನುಮಾನಿಸಲು ಕಲಿತೆ. ಈಗ ಸಾಕ್ಷಿ ನಾನೇ. ಹಾಗಾಗಿ ಆ ಎರಡು ದಿನಗಳ ತಿರುಗಾಟವನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ಮಾವ ಎಂದರೆ ನನ್ನ ಅಕ್ಕನ ಗಂಡ, ಶಿಗ್ಗಾವಿಯವರು. ಹತ್ತಿಬೀಜದ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ವಿಮಾನ ಹಾರಿಸಲು ಕಲಿತು, ಇಬ್ಬರು ಕೂರುವ ಹಳೆಯ ಪುಟ್ಟ ವಿಮಾನವೊಂದನ್ನು ಕೊಂಡರು. ಅದು ಮೈಸೂರಿನ ಆಚೆ ಪರಿಚಿತರೊಬ್ಬರ ಜಾಗದಲ್ಲಿ ನಿಂತಿತ್ತು. ಅವರು ಈಗ ಜಾಗ ತೆರವು ಮಾಡಲು ಹೇಳಿದ್ದರು. ದೀಪಾವಳಿಯೊಳಗೆ ಊರ ಹತ್ತಿರ ನೆಲೆ ಸಿಗದಿದ್ದರೆ ಮಾರಿಬಿಡಬೇಕೆಂದು ಅಕ್ಕ ಪಟ್ಟು ಹಿಡಿದಿದ್ದಳು. ಕೊಳ್ಳುವವರೊಬ್ಬರು ಆಗಲೇ ಫೋನ್ ಮಾಡುತ್ತಿದ್ದರು. ಮಾರಿದರೆ ಮಾವನ ಹಾರಾಟ ಅಲ್ಲಿಗೆ ಮುಗಿದಂತೆ. ಆ ವಯಸ್ಸಿನಲ್ಲಿ ಇನ್ನೊಂದು ಕೊಳ್ಳುವ ಮಾತಿರಲಿಲ್ಲ. ಪರವಾನಗಿಯ ಓಡಾಟ ಆಮೇಲಿನದು, ಮೊದಲು ನೆಲ ಬೇಕಿತ್ತು: ಉದ್ದವಾದ, ನೇರವಾದ, ಗಟ್ಟಿ ನೆಲ.

ಅಕ್ಟೋಬರಿನ ಮೋಡದ ಬೆಳಗಿನಲ್ಲಿ ಶಿಗ್ಗಾವಿಯಿಂದ ಹೊರಟೆವು. ಗೊಟಗೋಡಿ ಬಳಿ ನೋಡಬೇಕೆಂದಿದ್ದ ಹೊಲದ ಮೇಲೆ ದಪ್ಪ ವಿದ್ಯುತ್ ತಂತಿಗಳು ಹಾದಿದ್ದವು. ಮಾವ ಕಾರಿನಿಂದ ಇಳಿಯಲೇ ಇಲ್ಲ. ಅಲ್ಲಿಂದ ಸವಣೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ತೋರಿಸಿದ ಕಪ್ಪು ಎರೆಮಣ್ಣಿನ ಹೊಲ ರೊಟ್ಟಿ ಹಂಚಿನಂತೆ ಸಪಾಟಾಗಿತ್ತು. ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಸೇರಿನಷ್ಟು ಮಣ್ಣು ಮೆತ್ತಿತು. ಹೊಲದ ಯಜಮಾನರು ನಕ್ಕರು: “ಮಳಿ ಆದ್ರ ಎತ್ತಿನ ಕಾಲ ಹುಗೀತಾವ್ರಿ. ನಿಮ್ಮ ವಿಮಾನ ಇಲ್ಲಿ ಇಳೀತಂದ್ರ ಬ್ಯಾಸಗಿ ಮಟ ಮ್ಯಾಲ ಏಳೂದಿಲ್ಲ.” ಸವಣೂರಿನ ಖಾರದ ಪೊಟ್ಟಣ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ಅದನ್ನೇ ತಿನ್ನುತ್ತ ಹಾನಗಲ್ಲಿಗೆ ಹೋಗಿ ರಾತ್ರಿ ಉಳಿದೆವು.

ಮರುದಿನ ಹಾನಗಲ್ಲಿನಿಂದ ಅಕ್ಕಿಆಲೂರಿನವರೆಗೆ ಎರಡೂ ಕಡೆ ಭತ್ತ. ಕಣ್ಣಿಗೆ ತಂಪು, ನಮ್ಮ ಕೆಲಸಕ್ಕೆ ದಂಡ. ಬದುವಿಲ್ಲದ, ನೀರು ನಿಲ್ಲದ ತುಂಡು ಎಲ್ಲಿಯೂ ಕಾಣಲಿಲ್ಲ. ಅಕ್ಕಿಆಲೂರಿನಲ್ಲಿ ಸಂತೆ ಕೂಡಿತ್ತು. ಬಸ್ಸಿನ ಹಿಂದೆ ಸಿಕ್ಕಿಕೊಂಡು ನಿಂತಾಗ ಮಿರ್ಚಿ, ಮಂಡಕ್ಕಿ ತರಿಸಿ ತಿಂದೆವು.

ಹಂಸಭಾವಿಯ ಆಚೆ ಗೌಡರೊಬ್ಬರ ಹೊಲ ನೋಡಿದಾಗ ಮಾವನ ಮುಖವೇ ಬದಲಾಯಿತು. ಕೆಂಪು ಮಸಾರಿ ನೆಲ, ಗೆರೆ ಹೊಡೆದಂತೆ ನೇರ. ನಮ್ಮ ಭಾಗದಲ್ಲಿ ದೀಪಾವಳಿಯಿಂದ ಮುಂದೆ ಕೆಲವು ತಿಂಗಳು ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ಓಡಲು ಬಿಡುತ್ತಾರೆ. ಎರಡೂ ಬದಿಗೆ ನಿಂತವರು ಸರ ಹರಿಯಲು ಮುಗಿಬೀಳುತ್ತಾರೆ. ಆ ಓಟದ ದಾರಿಯೇ ಈ ಹೊಲ. ಗೊರಸು ತುಳಿದು ತುಳಿದು ನೆಲ ಕಲ್ಲಾಗಿತ್ತು. ಮಾವ ಆ ತುದಿಯವರೆಗೆ ನಡೆದು, ಹೆಗಲ ಟವೆಲ್ಲನ್ನು ಎತ್ತಿ ಹಿಡಿದರು. ಅದು ಹೊಲದ ಉದ್ದದ ದಿಕ್ಕಿಗೇ ಹಾರಾಡಿತು. ಅಂದರೆ ಗಾಳಿಯೂ ಸರಿಯಾಗಿತ್ತು.

ಗೌಡರು ಕಟ್ಟೆಯ ಮೇಲೆ ಚಾಪೆ ಹಾಸಿಸಿದರು. “ಬರ್ರಿ, ಕುಂದರ್ರಿ. ನಿಮ್ಮ ವಿಮಾನ ಎಷ್ಟ ತೂಕ ಐತ್ರಿ?”

“ನಿಮ್ಮ ಒಂದ ದೊಡ್ಡ ಹೋರಿಗಿಂತ ಹಗರ,” ಅಂದರು ಮಾವ.

“ಹಂಗಾದ್ರ ಅದಕ್ಕೂ ಕೊಬ್ಬರಿ ಕಟ್ಟಿ ಬಿಡೂಣು ತಗೋರಿ!”

ಗೌಡರ ಅಳಿಯ ಫಕ್ಕೀರಪ್ಪ ನಗಲಿಲ್ಲ. ಅವನೂ ಹೋರಿ ಸಾಕಿದವನು. “ಅದರ ಸಪ್ಪಳಕ್ಕ ನನ್ನ ಹೋರಿ ಕಣ್ಣಿ ಹರಕೊಂಡು ಓಡತೈತ್ರಿ ಮಾವಾ.”

“ಓಡ್ಲಿ ಅಂತನ ಅಲ್ಲೇನೋ ಸಾಕಿದ್ದು?” ಎಂದರು ಗೌಡರು.

“ಮಂದಿ ಬೆದರಸ್ಬೇಕ್ರಿ. ಮಷೀನ್ ಅಲ್ಲ.”

ತೊಡಕು ಅದೇ. ಹೋರಿ ಓಡುವ ತಿಂಗಳುಗಳೇ ವಿಮಾನ ಹಾರುವ ತಿಂಗಳುಗಳು. ಮಳೆಗಾಲದಲ್ಲಿ ಎರಡೂ ಇಲ್ಲ. ಆದರೂ ಗೌಡರು, “ನೀವು ಹೂಂ ಅನ್ರಿ, ಹೋರಿ ಬ್ಯಾರೆ ಕಡೆ ಓಡಸ್ತೇವಿ,” ಎಂದರು.

ಆಗಲೇ ನಮ್ಮಿಬ್ಬರಲ್ಲಿ ಒಬ್ಬರು, “ಬ್ಯಾಡ ಬಿಡ್ರಿ, ನಿಮ್ಮ ಹೋರಿ ಓಡ್ಲಿ,” ಅಂದದ್ದು. ಊಟಕ್ಕೆ ಕರೆದರೂ ಮೊದಲ ಸಲ ಬ್ಯಾಡ ಅನ್ನುವವರು ನಾವು. ಕರೆದವರು ಒತ್ತಾಯ ಮಾಡಬೇಕು, ಆಮೇಲೆ ತಟ್ಟೆಯ ಮುಂದೆ ಕೂರಬೇಕು. ಗೌಡರು ಒತ್ತಾಯಕ್ಕೆಂದು ಬಾಯಿ ತೆರೆದದ್ದನ್ನು ನಾನು ನೋಡಿದೆ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಫಕ್ಕೀರಪ್ಪ ಎದ್ದು ನಮ್ಮ ಮಾವನ ಕಾಲು ಮುಟ್ಟಿ ನಮಸ್ಕರಿಸಿದ. “ದೊಡ್ಡ ಮನಸ್ಸು ಮಾಡಿದ್ರಿ ಯಜಮಾನ್ರ.” ನಮಸ್ಕಾರ ತೆಗೆದುಕೊಂಡ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಚಹಾ ಬಂತು, ಕುಡಿದೆವು.

ಹಿರೇಕೆರೂರಿನ ಕೆರೆಯಂಚಿನ ಬಯಲೊಂದೇ ಉಳಿದಿತ್ತು. ಕಾರಿನ ಬಾಗಿಲು ಹಾಕಿದ ಸದ್ದಿಗೆ ಬೆಳ್ಳಕ್ಕಿಗಳ ಹಿಂಡು ಎದ್ದು ಇಡೀ ಬಯಲನ್ನು ಮುಚ್ಚಿತು. ಹಕ್ಕಿಗಳಿರುವಲ್ಲಿ ವಿಮಾನ ಇಳಿಸುವಂತಿಲ್ಲ. ಮಾವ ಅಲ್ಲೇ ನಿಂತು ಕೊಳ್ಳುವವರಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದರು.

ಮರಳುವ ದಾರಿಯಲ್ಲಿ ತುಂತುರು ಹಿಡಿಯಿತು. “ನೀ ಯಾಕ ಬ್ಯಾಡ ಅಂದಿಯೋ?” ಎಂದು ಮಾವ ಕೇಳಿದರು.

“ನಾನಲ್ಲ ಮಾವ, ನೀವ ಅಂದ್ರಿ.”

ಅವರು ವೈಪರಿನ ವೇಗ ಹೆಚ್ಚಿಸಿದರು. ದೀಪಾವಳಿಗೆ ಮೊದಲೇ ವಿಮಾನದ ರೆಕ್ಕೆ ಬಿಚ್ಚಿ ಲಾರಿಗೆ ಹೇರಿದರು. ಮಾವ ನೋಡಲು ಹೋಗಲಿಲ್ಲ.

ಯಾರು ಅಂದರೆಂಬುದನ್ನು ಪರೀಕ್ಷಿಸುವ ದಾರಿ ನನಗೆ ಗೊತ್ತಿಲ್ಲ. ಆದರೆ ಒಂದು ಸಂಗತಿಯನ್ನು ಸಂಕ್ರಾಂತಿ ಕಳೆದ ಮೇಲೆ ಗೌಡರಿಗೆ ಫೋನ್ ಮಾಡಿ ಕೇಳಿದೆ, ಫಕ್ಕೀರಪ್ಪನನ್ನೂ ಬೇರೆಯಾಗಿ ಕೇಳಿದೆ, ಕೊನೆಗೆ ಬಸ್ಸು ಹತ್ತಿ ಹೋಗಿ ನೋಡಿಯೂ ಬಂದೆ. ನೋಡಲು ಬರುವವರ ಗಾಡಿಗಳು ನಿಲ್ಲಲು ಜಾಗ ಸಾಲದೆಂದು, ಆ ವರ್ಷ ಹೋರಿಗಳನ್ನು ರಸ್ತೆ ಬದಿಯ ಬೇರೆ ಹೊಲದಲ್ಲಿ ಓಡಿಸಿದ್ದರು. ಗೌಡರ ಹೊಲ ದೀಪಾವಳಿಯಿಂದಲೂ ಖಾಲಿ ಬಿದ್ದಿತ್ತು.